ಮೊದಲ ಹಿಟ್ಟು

ಬಸವಕಲ್ಯಾಣ
18 ನವೆಂಬರ್ 2024

ಅಕ್ಕಾ,

ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ. ಅದು ಮುಗಿಯಿತು. ಇನ್ನು ಜಗಳ.

ಈ ಚೀಲದಲ್ಲಿ ಬಿಳಿಜೋಳದ ಹಿಟ್ಟಿದೆ, ಬೆಳಿಗ್ಗೆ ಬೀಸಿದ್ದು. ಬಸ್ಸಿನ ಕಂಡಕ್ಟರ್ ಮುಷರಫ್ ಎಂದಿನಂತೆ ಹುಮನಾಬಾದ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಡುತ್ತಾನೆ. "ಅಲ್ಲಿ ಗಿರಣಿ ಇಲ್ಲೇನ್ರಿ?" ಎಂದು ಕೇಳಿದ. ಇವೆ, ಆದರೆ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆ. ರೊಟ್ಟಿ ಬಡಿಯುವಾಗ ನಮ್ಮಕ್ಕ ಅವರಿಗೆ ಬೈಯುತ್ತಾಳೆ. ಮಾಣಿಕನಗರದಂಥ ದೇವರ ಜಾಗದಲ್ಲಿ ಕೂತು ಬೈಯುವುದು ಚಲೋ ಅಲ್ಲ, ಅದಕ್ಕೇ ನನ್ನ ಗಿರಣಿಯಿಂದ ಕಳಿಸುತ್ತೇನೆ ಎಂದೆ.

ಈಗ ಫೋನಿನ ಮಾತು. ಹೋದ ವಾರ ನೀನು ಫೋನ್ ಮಾಡಿದೆ. ನನ್ನದು ಬಟನ್ ಫೋನು, ಅದರಲ್ಲಿ ಏನೂ ತಪ್ಪಿಲ್ಲ. ತಪ್ಪು ನಿನ್ನ ಆ ದೊಡ್ಡ ಮೊಬೈಲಿನಲ್ಲಿದೆ. ಅದು ಬಂದ ಮೇಲೆ ನಿನ್ನ ದನಿ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಗುಳುಗುಳು ಅನ್ನುತ್ತದೆ. ನಾನು "ಏನಂದಿ, ಏನಂದಿ" ಅಂದರೆ ನೀನು ನಕ್ಕೆಯಂತೆ. ನಕ್ಕಿದ್ದೂ ನನಗೆ ಕೇಳಲಿಲ್ಲ, ಸೊಸೆ ವಿಜಯಶ್ರೀ ಆಚೆ ನಿಂತವಳು ಹೇಳಿದಳು. ಅದಕ್ಕೇ ಫೋನು ಇಟ್ಟುಬಿಟ್ಟೆ. ಸಿಟ್ಟಾದೆ ಎಂದು ತಿಳಿಯಬೇಡ. ತಿಳಿದರೂ ಅಡ್ಡಿಯಿಲ್ಲ.

ಎಪ್ಪತ್ತಾರು ವರ್ಷದವಳಿಗೆ ಆ ಮೊಬೈಲು ಯಾಕೆ ಬೇಕಾಗಿತ್ತು? ಯಾರು ಕಲಿಸಿದರು? ವಿಜಯಶ್ರೀ ನನಗೂ ಒಂದು ತರುತ್ತೇನೆ ಎನ್ನುತ್ತಾಳೆ. ಗಿರಣಿಯೊಳಗೆ ಕಾಲಿಡಬೇಡ ಎಂದಿದ್ದೇನೆ. ಮೊಬೈಲಿಗೆ ಹೇಳಿದ್ದು, ಅವಳಿಗಲ್ಲ.

ಮೊನ್ನೆ ಚಳಿಗೆ ಬೇಗ ಎಚ್ಚರಾಯಿತು. ರಾಜೇಶ್ವರದ ಮನೆ ನೆನಪಾಯಿತು. ಅವ್ವ ಬೀಸುಕಲ್ಲಿನ ಮುಂದೆ ಕೂತಿದ್ದಾಳೆ, ನಿನ್ನ ತಲೆ ಅವಳ ಒಂದು ತೊಡೆಯ ಮೇಲೆ, ನನ್ನದು ಇನ್ನೊಂದರ ಮೇಲೆ, ಕಣ್ಣ ರೆಪ್ಪೆಯ ಮೇಲೆಲ್ಲ ಹಿಟ್ಟು. ಅವಳು ಹಾಡುತ್ತಿದ್ದ ಹಾಡಿನ ಮೊದಲ ಸಾಲು ಬಂತು, ಮುಂದಿನದು ಬರಲಿಲ್ಲ. ಅದು ಗೊತ್ತಿರುವುದು ಈಗ ನಿನಗೊಬ್ಬಳಿಗೇ. ಬರೆದು ಕಳಿಸು.

ನಿನ್ನ ತಮ್ಮ
ಗುರುನಾಥ


ಮಾಣಿಕನಗರ, ಹುಮನಾಬಾದ
27 ನವೆಂಬರ್ 2024

ತಮ್ಮಾ ಗುರೂ,

ಕಾಲು ಮುಟ್ಟಿದ್ದು ತಲುಪಿತು, ಹಿಟ್ಟೂ ತಲುಪಿತು. ರೊಟ್ಟಿ ಉಬ್ಬಿದಾಗಲೆಲ್ಲ ನಿನ್ನ ಮುಖ ಕಾಣುತ್ತದೆ. ಸಿಟ್ಟು ಬಂದಾಗ ನಿನ್ನ ಗಲ್ಲ ಹಾಗೇ ಇರುತ್ತದಲ್ಲ.

ಮೊಬೈಲು ಕೊಡಿಸಿದವನು ಮಗ. ಕಲಿಸಿದವನು ಅವನಲ್ಲ. ನಾನು ಬೆರಳಿಟ್ಟ ಕೂಡಲೇ "ಬಿಡವ್ವಾ, ನಾ ಮಾಡಿ ಕೊಡ್ತೀನಿ" ಎಂದು ಕೈಯಿಂದ ಕಸಿಯುವುದೇ ಅವನ ಪಾಠ. ಅದಕ್ಕೇ ಅದು ಬಹಳ ದಿನ ಕಪಾಟಿನಲ್ಲಿ ಸೀರೆಗಳ ಕೆಳಗಿತ್ತು. ಕಲಿಸಿದವಳು ಪಕ್ಕದ ಮನೆಯ ಫರಹತ್. ಅವಳು ಹೊಲಿಗೆ ಕಲಿಸುವವಳು. ಕಲಿಯುವವರ ಕೈಯಿಂದ ಬಟ್ಟೆ ಕಸಿಯಬಾರದು, ತಪ್ಪು ಹೊಲಿಗೆಯನ್ನು ಅವರೇ ಬಿಚ್ಚಬೇಕು ಎನ್ನುವುದು ಅವಳ ರೀತಿ. "ಒತ್ರಿ ಮೌಶಿ, ಕೆಟ್ರ ಕೆಡ್ಲಿ, ನಾ ಇಲ್ಲೇ ಕುಂತೀನಿ" ಎನ್ನುತ್ತಾಳೆ. ಮೊದಲ ದಿನ ಗುರುತಿಲ್ಲದ ಯಾರಿಗೋ ನನ್ನ ಮುಖ ಕಾಣಿಸಿಬಿಟ್ಟಿತು. ಆ ಮನುಷ್ಯ ಕೈಮುಗಿದ. ನಾನೂ ಮುಗಿದೆ. ಫರಹತ್ ನಗಲಿಲ್ಲ, ಆಮೇಲೆ ಅವಳ ಮನೆಗೆ ಹೋಗಿ ನಕ್ಕಿರಬೇಕು.

ನೀನು ಗಿರಣಿ ಸೇರಿದ ಕಾಲ ನೆನಪಿದೆಯೇ? ರಾಜೇಶ್ವರದ ಹೆಂಗಸರೆಲ್ಲ "ಗಿರಣಿ ಹಿಟ್ಟು ಸುಡ್ತದ, ಅದರ ಜೀವ ಹೋಗ್ತದ" ಎನ್ನುತ್ತಿದ್ದರು. ಅವ್ವನದೂ ಅದೇ ಮಾತು. ಆಮೇಲೆ ಅವ್ವ ಯಾಕೆ ಗಿರಣಿಗೆ ಬಂದಳು? ನೀನೇ ಬರೆ, ನಿನಗೆ ಚೆನ್ನಾಗಿ ಗೊತ್ತು.

ಹಾಡು ಬರೆದು ಕಳಿಸುವುದಿಲ್ಲ. ಕಾಗದದ ಮೇಲೆ ಅದು ಸತ್ತು ಬಿದ್ದಿರುತ್ತದೆ. ಹಾಡಿ ಮೊಬೈಲಿನಲ್ಲಿ ಹಿಡಿದು ವಿಜಯಶ್ರೀಗೆ ಕಳಿಸಿದ್ದೇನೆ. ಗಿರಣಿ ಬಂದ್ ಮಾಡಿ ಅವಳ ಹತ್ತಿರ ಕೂತು ಕೇಳು. ದತ್ತ ಜಯಂತಿಗೆ ಬಾ. ನಮ್ಮ ಓಣಿಯ ಹೆಂಗಸರ ಭಜನೆಯಲ್ಲಿ ಈ ಸಲ ಕೊನೆಗೆ ಅವ್ವನ ಹಾಡನ್ನೇ ಹಾಡಬೇಕೆಂದಿದ್ದೇನೆ.

ರುಕ್ಮಿಣಿ


ಬಸವಕಲ್ಯಾಣ
3 ಡಿಸೆಂಬರ್ 2024

ಅಕ್ಕಾ,

ಮೊದಲು ನೀನು ಕೇಳಿದ್ದಕ್ಕೆ ಉತ್ತರ.

ಆಗ ಆ ಎಂಜಿನ್ ಗಿರಣಿ ನನ್ನ ಗೆಳೆಯ ಬಸವಣಪ್ಪನ ಅಪ್ಪನದು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಅಲ್ಲಿ ಚೀಲ ಹೊರುತ್ತಿದ್ದೆ. ಸವೆದ ಕಲ್ಲನ್ನು ಬಿಚ್ಚಿ ಉಳಿಯಿಂದ ಮತ್ತೆ ಗೀರು ಹೊಡೆಯುವುದನ್ನು ನೋಡಿ ನೋಡಿ ಕಲಿತೆ. ಮೊದಲ ಸಲ ನಾನೇ ಉಳಿ ಹೊಡೆದ ದಿನ ಯಾರೂ ಜೋಳ ಹಾಕಲು ತಯಾರಿರಲಿಲ್ಲ. ಹೊಸದಾಗಿ ಉಳಿ ಹೊಡೆದ ಕಲ್ಲಿನ ಮೊದಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಹಲ್ಲಿಗೆ ಕರಕರ ಅನ್ನುತ್ತದೆ. ಅಲ್ಲಿಯವರೆಗೆ ಗಿರಣಿಯ ಕಡೆ ಮುಖ ಹಾಕದ ಅವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. "ನನ್ನ ಮಗ ಉಳಿ ಹೊಡದ ಕಲ್ಲದ. ಮೊದಲ ಹಿಟ್ಟ ನಾ ತಿಂತೀನಿ" ಎಂದಳು. ಆ ರೊಟ್ಟಿಯನ್ನು ಅವಳು ಪೂರ್ತಿ ಅಗಿದು ತಿಂದಳು, ಮುಖ ಒಂಚೂರೂ ಸೊಟ್ಟ ಮಾಡಲಿಲ್ಲ. ಮರುದಿನ ಓಣಿಯ ಬುಟ್ಟಿಗಳೆಲ್ಲ ಸಾಲಾಗಿ ಬಂದವು. ಇವತ್ತಿಗೂ ಉಳಿ ಹೊಡೆದ ಕಲ್ಲಿನ ಮೊದಲ ಹಿಟ್ಟು ನನ್ನ ಮನೆಗೇ ಹೋಗುತ್ತದೆ, ಗಿರಾಕಿಗೆ ಅಲ್ಲ. ವಿಜಯಶ್ರೀ ಗೊಣಗುತ್ತಾಳೆ, ಆದರೆ ತಿನ್ನುತ್ತಾಳೆ.

ಅವ್ವ ಬುಟ್ಟಿ ಹೊತ್ತು ಬಂದಳು, ಬೀಸುಕಲ್ಲು ಮೂಲೆಗೆ ಸರಿಯಿತು, ಹಾಡೂ ನಿಂತಿತು. ಅದು ನನ್ನ ಗಿರಣಿಯಿಂದಲೇ ಆದದ್ದು.

ಈಗ ನಿನ್ನ ಹಾಡಿನ ಮಾತು. ಕೇಳಿದೆ. ಕೇಳಬಾರದಿತ್ತು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಹಾಡಲ್ಲ, ಗಡಿಗೆಯಲ್ಲಿ ಸಿಕ್ಕಿಬಿದ್ದ ದುಂಬಿ. ಒಂದು ಮಾತೂ ತಿಳಿಯಲಿಲ್ಲ. ನಿನ್ನ ದನಿ ಹೋಗಿದೆ. ಇದನ್ನು ಜನರ ಮುಂದೆ ಹಾಡಿದರೆ ನನಗೇ ನಾಚಿಕೆ. ಅವ್ವನ ಹಾಡು ಅವ್ವನ ಜೊತೆಗೇ ಹೋಗಿದ್ದರೆ ಚಲೋ ಇತ್ತು. ವಿಜಯಶ್ರೀ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಉಳ್ಳಾಗಡ್ಡಿ ಹೆಚ್ಚುತ್ತಿದ್ದಳೇನೋ.

ಜಯಂತಿಗೆ ಬರುವುದಾಗುವುದಿಲ್ಲ, ಗಿರಣಿ ಬಿಟ್ಟು ಬರಲಾರೆ.

ಗುರುನಾಥ


ಮಾಣಿಕನಗರ
19 ಡಿಸೆಂಬರ್ 2024

ಗುರೂ,

ಹಿಟ್ಟು ತಲುಪಿತು.

ದತ್ತ ಜಯಂತಿ ಮುಗಿಯಿತು. ನೀನು ಬರಲಿಲ್ಲ. ನಾನು ಹಾಡಲಿಲ್ಲ. ಹೆಂಗಸರು "ಯಾಕ ರುಕ್ಮಿಣಿಬಾಯಿ, ದನಿ ಕುಂತದ ಏನು?" ಎಂದು ಕೇಳಿದರು. ನಮ್ಮ ಗುರುನಾಥ ಕಲ್ಲಿನ ಸದ್ದು ಕೇಳಿಯೇ ಹಿಟ್ಟು ಸಣ್ಣಗಿದೆಯೋ ದಪ್ಪಗಿದೆಯೋ ಹೇಳುವವನು, ಅಂಥ ಕಿವಿ ಬೇಡವೆಂದ ಮೇಲೆ ಮುಗಿಯಿತು ಎಂದೆ. ಇನ್ನು ಮೇಲೆ ಗುರುವಾರದ ಭಜನೆಯಲ್ಲಿ ತಾಳ ಹಿಡಿದು ಹಿಂದೆ ಕೂಡುತ್ತೇನೆ.

ನಿನ್ನ ಕಿವಿಯ ಮೇಲೆ ನನಗೆ ಪೂರ್ತಿ ನಂಬಿಕೆ. ನಿನಗೂ ಇದ್ದರೆ ಸಾಕು.

ರುಕ್ಮಿಣಿ


ಬಸವಕಲ್ಯಾಣ
26 ಡಿಸೆಂಬರ್ 2024

ಅಕ್ಕಾ,

ಇದೇನು ಹಟ. ನಾನು ನಿನಗೆ ಹಾಡಬೇಡ ಅಂದೆನೇ? ಮೊಬೈಲಿನ ಬಗ್ಗೆ ಬರೆದೆ, ನೀನು ಮೈಮೇಲೆ ಹಾಕಿಕೊಂಡೆ. ದನಿ ಹೋಗಿದೆ ಅಂದರೆ ಆ ಡಬ್ಬಿಯಲ್ಲಿ ಹೋಗಿದೆ ಅಂತ.

ನಾನು ಮೊದಲಿನಿಂದ ಹೀಗೇ ಮಾತಾಡುವವನು. ಅವ್ವನ ಸಾರಿಗೂ ಉಪ್ಪು ಜಾಸ್ತಿ ಅಂದವನು. ಅವ್ವ ಸಾರು ಮಾಡುವುದನ್ನು ಬಿಟ್ಟಳೇ?

ಮುಂದಿನ ಗುರುವಾರ ಹಾಡು. ಹಾಡಿದೆ ಎಂದು ಬರೆ. ಹಿಟ್ಟಿನ ಜೊತೆ ಬಸವಣಪ್ಪನ ಹೊಲದ ಹಸಿ ಕಾಳಿನ ಸುಲಗಾಯಿ ಕಳಿಸಿದ್ದೇನೆ, ಬೇಯಿಸಿ ತಿನ್ನು, ಸಿಟ್ಟು ಇಳಿಯುತ್ತದೆ.

ಗುರುನಾಥ


ಬಸವಕಲ್ಯಾಣ
4 ಜನವರಿ 2025

ಅಕ್ಕಾ,

ಮುಷರಫ್ ಖಾಲಿ ಚೀಲ ತಂದುಕೊಟ್ಟ. ಒಳಗೆ ಕೈಹಾಕಿ ನೋಡಿದೆ. ತಿರುವಿ ಝಾಡಿಸಿದೆ. ಬರೀ ಹಿಟ್ಟಿನ ಧೂಳು. ಇಷ್ಟು ವರ್ಷದಲ್ಲಿ ನಿನ್ನ ಚೀಲ ಕಾಗದವಿಲ್ಲದೆ ಬಂದದ್ದು ಇದೇ ಮೊದಲು.

"ಮೌಶಿ ಏನಾದ್ರೂ ಅಂದಳೇನೋ?" ಎಂದು ಮುಷರಫ್‌ನನ್ನು ಕೇಳಿದೆ. ಅವನು ಏನೋ ಹೇಳಿದ. ಬಸ್ಸು ಶುರುವಾಗಿತ್ತು, ಸರಿಯಾಗಿ ಕೇಳಲಿಲ್ಲ. ನಾನು ತಲೆಯಾಡಿಸಿ ಕಳಿಸಿದೆ.

ಬರೆಯಬೇಡ. ನನಗೇನು.

ಗುರುನಾಥ


ಬಸವಕಲ್ಯಾಣ
20 ಜನವರಿ 2025

ಅಕ್ಕಾ,

ಸಂಕ್ರಾಂತಿಗೆ ನೀನು ಎಳ್ಳು ಕಳಿಸಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬೇರೆ ಯಾರಿಗೆ ಬರೆಯಲಿ.

ಮೊನ್ನೆ ಗಿರಣಿಯಲ್ಲಿ ಜೋಳ ಮುಗಿದು ಕಲ್ಲು ಖಾಲಿ ತಿರುಗಿತು. ಒಬ್ಬ ಗಿರಾಕಿಯ ಜೊತೆ ಮಾತಿಗೆ ಕೂತಿದ್ದೆ, ಲಕ್ಷ್ಯ ತಪ್ಪಿತು.

ಸುಳ್ಳು ಬರೆದೆ. ಗಿರಾಕಿ ಯಾರೂ ಇರಲಿಲ್ಲ. ನಾನೊಬ್ಬನೇ ಸ್ಟೂಲಿನ ಮೇಲೆ ಕೂತಿದ್ದೆ, ಗಿರಣಿಯ ಪಕ್ಕದಲ್ಲೇ. ಕಲ್ಲಿಗೆ ಕಲ್ಲು ತಾಗಿದರೆ ಹ್ಯಾಗೆ ಚೀರುತ್ತದೆಂದು ನಿನಗೆ ಗೊತ್ತು, ಓಣಿಯ ನಾಯಿ ಕೂಡ ಎದ್ದು ಓಡುತ್ತದೆ. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡು ನನ್ನ ಕಡೆ ನೋಡುತ್ತಿದ್ದರು. ಯಾಕೆ ನೋಡುತ್ತಿದ್ದಾರೆಂದು ನಾನೂ ಅವರನ್ನು ನೋಡಿದೆ. ವಿಜಯಶ್ರೀ ಕೈತುಂಬ ನಾದಿದ ಹಿಟ್ಟು ಮೆತ್ತಿಕೊಂಡೇ ಓಡಿ ಬಂದು ಬಟನ್ ಒತ್ತಿದಳು. ಬಟನ್ನಿನ ಮೇಲೆ ಆ ಹಿಟ್ಟು ಇನ್ನೂ ಒಣಗಿ ಅಂಟಿಕೊಂಡಿದೆ, ನಾನು ಒರೆಸಿಲ್ಲ.

"ಮಾವಾರ, ಕಲ್ಲು ಚೀರಾಕತ್ತಿತ್ತು. ಕೇಳಲಿಲ್ಲೇನ್ರಿ?" ಎಂದಳು. ಅದನ್ನೂ ಅವಳ ತುಟಿ ನೋಡಿ ತಿಳಿದುಕೊಂಡೆ.

ಕಲ್ಲು ಹಾಳಾಗಿಲ್ಲ, ಸ್ವಲ್ಪ ಸವೆದಿದೆ. ಆದರೆ ಅಂದಿನಿಂದ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ. ಪಕ್ಕದಲ್ಲಿ ಚೀರಿದ ಕಲ್ಲು ಕೇಳದವನು ಹುಮನಾಬಾದಿನಲ್ಲಿ ಹಾಡಿದ ಅಕ್ಕನ ದನಿಗೆ ತೀರ್ಪು ಕೊಟ್ಟ.

ಇದನ್ನು ಯಾರಿಗೂ ಹೇಳಬೇಡ, ಫರಹತ್‌ಗೂ. ಕಿವಿ ಮಷಿನ್ ಹಾಕಿಕೊ ಎಂದು ಬರೆಯಲೂಬೇಡ. ಬಸವಣಪ್ಪನಿಗೆ ಅವನ ಮಗಳು ತಂದುಕೊಟ್ಟ ಮಷಿನ್ ಸಕ್ಕರೆ ಡಬ್ಬಿಯಲ್ಲಿ ಮಲಗಿದೆ. ಹಾಕಿಕೊಂಡ ದಿನ ಚಮಚ ಬಿದ್ದರೆ ಬಂದೂಕು ಹಾರಿದಂತೆ ಆಯಿತಂತೆ. ಮೇಲಾಗಿ ಅದನ್ನು ಹಾಕಿಕೊಂಡು ಕೂತರೆ ಗಿರಾಕಿಗಳು ನನ್ನ ಜೊತೆ ಬಾಯಿ ಅಗಲ ಮಾಡಿ ಮಾತಾಡುತ್ತಾರೆ, ಎತ್ತಿನ ಜೊತೆ ಮಾತಾಡಿದಂತೆ.

ಗುರುನಾಥ


ಮಾಣಿಕನಗರ
27 ಜನವರಿ 2025

ಗುರೂ,

ಎಳ್ಳು ಈ ಚೀಲದಲ್ಲಿದೆ. ತಡವಾಗಿ ತಿಂದರೂ ಸಿಹಿಯೇ.

ಮಷಿನ್ ಹಾಕಿಕೊ ಎಂದು ಬರೆಯುವುದಿಲ್ಲ. ಬಸವಣಪ್ಪನ ಬಗ್ಗೆ ಬರೆಯುತ್ತೇನೆ. ಅವನು ಅದನ್ನು ಹಾಕಿಕೊಂಡು ಮೊದಲ ದಿನ ಎಲ್ಲಿಗೆ ಹೋಗಿದ್ದ ಕೇಳು. ಮಂಠಾಳದ ಮದುವೆಗೆ. ಬ್ಯಾಂಡಿನವರ ಪಕ್ಕದಲ್ಲಿ ಕೂತಿದ್ದನಂತೆ. ವಿಜಯಶ್ರೀ ಫೋನಿನಲ್ಲಿ ಹೇಳಿದಳು, ನಾವಿಬ್ಬರೂ ನಕ್ಕು ಸುಸ್ತಾದೆವು. ಹೊಸ ಮಷಿನ್ ಎಂದರೆ ಉಳಿ ಹೊಡೆದ ಕಲ್ಲಿದ್ದಂತೆ ತಮ್ಮಾ. ಮೊದಲ ಹಿಟ್ಟು ಕರಕರ ಅನ್ನುತ್ತದೆ. ನೀನು ಮೊದಲ ಹಿಟ್ಟು ಕರಕರ ಅಂತ ಕಲ್ಲನ್ನೇ ಬಾವಿಗೆ ಹಾಕಿದೆಯೇನು?

ಜನರ ಮಾತಿಗೆ ಬಂದರೆ, ನೀನು ಚಷ್ಮಾ ಹಾಕಿದಾಗ ಯಾರೂ ನಗಲಿಲ್ಲ. ಕಣ್ಣು ಹೋದರೆ ಓದಿದವನು ಅನ್ನುತ್ತಾರೆ, ಕಿವಿ ಹೋದರೆ ಮುದುಕ ಅನ್ನುತ್ತಾರೆ. ಅವರ ಬುದ್ಧಿ ಅಷ್ಟು. ನಾಲ್ಕನೇ ಇಯತ್ತೆಗೆ ಬಿಟ್ಟವನಿಗೆ ಚಷ್ಮಾ ಹಾಕಿದ ಮೇಲಲ್ಲವೇ "ಗುರುನಾಥರು" ಎಂದು ಕರೆಯಲು ಶುರುಮಾಡಿದ್ದು.

ಒಬ್ಬನೇ ಹೋಗಬೇಡ. ಬಸವಣಪ್ಪನನ್ನು ಕರೆದುಕೊಂಡು ಹೋಗು. ಸಕ್ಕರೆ ಡಬ್ಬಿಯನ್ನೂ.

ನಾನು ಇನ್ನೂ ಹಿಂದೆ ಕೂತು ತಾಳ ಹಾಕುತ್ತಿದ್ದೇನೆ.

ರುಕ್ಮಿಣಿ


ಬಸವಕಲ್ಯಾಣ
15 ಫೆಬ್ರವರಿ 2025

ಅಕ್ಕಾ,

ಕಲಬುರಗಿಗೆ ಹೋಗಿ ಬಂದೆವು. ಬಸವಣಪ್ಪ ದಾರಿಯುದ್ದಕ್ಕೂ "ನಿನ್ನ ಸಲುವಾಗಿ ಬಂದೀನಿ, ನನಗೇನ ಆಗಿಲ್ಲ" ಎಂದ. ನಾನೂ ಅವನಿಗೆ ಅದನ್ನೇ ಹೇಳಿದೆ. ಇಬ್ಬರಿಗೂ ಇನ್ನೊಬ್ಬ ಹೇಳಿದ್ದು ಅರ್ಧ ಕೇಳಿತು, ಹಾಗಾಗಿ ಜಗಳ ಆಗಲಿಲ್ಲ.

ಅಲ್ಲಿ ಕಿವಿ ನೋಡುವವಳು ಒಬ್ಬ ಹುಡುಗಿ. ಎಷ್ಟು ವರ್ಷ ಗಿರಣಿ ನಡೆಸಿದಿರಿ ಎಂದಳು. ಹೇಳಿದೆ. "ಅಜ್ಜಾರ, ಗಿರಣಿ ನಿಮ್ಮ ಕಿವೀನೂ ಬೀಸೇದ್ರಿ" ಎಂದಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಿರಣಿ ನಡೆಯುವಾಗ ಕಿವಿ ಮುಚ್ಚಲು ಬೇರೆಯದೇ ಕೊಟ್ಟಿದ್ದಾಳೆ. ಬಸವಣಪ್ಪನದನ್ನು ತಿರುವಿ ನೋಡಿ, ಎಡಗಿವಿಯದನ್ನು ಬಲಗಿವಿಗೆ ಹಾಕಿಕೊಂಡಿದ್ದಿರಿ ಎಂದಳು. ಅವನು ನನ್ನ ಕಡೆ ನೋಡಲೇ ಇಲ್ಲ.

ಈಗ ಕೇಳು ತಮಾಷೆ. ಈ ಕಿವಿ ಮಷಿನ್‌ನ ಸದ್ದು ಏರಿಸಬೇಕೆಂದರೂ ಇಳಿಸಬೇಕೆಂದರೂ ದೊಡ್ಡ ಮೊಬೈಲು ಬೇಕು. ವಿಜಯಶ್ರೀ ತಂದಳು. ಎರಡು ಸಲ ನನ್ನ ಕೈಯಿಂದ ಕಸಿದಳು. "ಹುಮನಾಬಾದದಾಗ ಒಬ್ಬಾಕಿ ಫರಹತ್ ಇದ್ದಾಳ, ಆಕಿ ಹಂಗ ಕಲಸೂದಿದ್ರ ಕುಂಡ್ರು, ಇಲ್ಲಂದ್ರ ಒಳಗ ಹೋಗು" ಎಂದೆ. ಸೊಸೆ ಕೈಕಟ್ಟಿ ಕೂತಳು. ನಾನು ಒತ್ತಿದೆ. ಮೊದಲು ಒತ್ತಿದ್ದು ಮುಷರಫ್‌ಗೆ ಹೋಯಿತು, ಅವನು ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ "ಏನ್ರಿ ಕಾಕಾ, ಹಿಟ್ಟು ರೆಡಿ ಏನ್ರಿ?" ಎಂದ. ಪೂರ್ತಿ ಕೇಳಿತು ಅಕ್ಕಾ. ಹಿಂದೆ ಯಾವುದೋ ಕೂಸು ಅಳುತ್ತಿದ್ದುದೂ ಕೇಳಿತು.

ಮನೆಯೊಳಗೆ ಇಷ್ಟು ಸದ್ದಿರುತ್ತದೆಂದು ಮರೆತೇಹೋಗಿತ್ತು. ವಿಜಯಶ್ರೀಯ ಬಳೆ ಸದ್ದು ಮಾಡುತ್ತವೆ. ಗಿರಣಿಯ ತಗಡಿನ ಸಂದಿಯಲ್ಲಿ ಗುಬ್ಬಿ ಸಂಸಾರ ಮಾಡಿವೆ, ಯಾವಾಗಿನಿಂದಲೋ. ಎಲ್ಲಕ್ಕಿಂತ ನನ್ನ ದನಿ. ಇಷ್ಟು ಒರಟು ಎಂದು ಯಾರೂ ಹೇಳಲಿಲ್ಲ. ಹೇಳಲು ಬಿಟ್ಟಿದ್ದರೆ ತಾನೇ.

ನಿನ್ನ ಹಾಡು ನನ್ನ ಮೊಬೈಲಿಗೂ ಬಂದಿದೆ. ಇನ್ನೂ ಕೇಳಿಲ್ಲ. ಬೆರಳು ಅಲ್ಲಿಯವರೆಗೆ ಹೋಗಿ ವಾಪಸ್ಸು ಬರುತ್ತಿದೆ.

ಗುರುನಾಥ


ಬಸವಕಲ್ಯಾಣ
22 ಫೆಬ್ರವರಿ 2025

ಅಕ್ಕಾ,

ಕೇಳಿದೆ. ಗಿರಣಿ ಬಂದ್ ಮಾಡಿ, ಬಾಗಿಲು ಅರ್ಧ ಎಳೆದು, ಜೋಳದ ಚೀಲಕ್ಕೆ ಒರಗಿ ಕೂತು ಕೇಳಿದೆ.

ತಿರುಗವ್ವ ಕಲ್ಲವ್ವ ಮೆಲ್ಲಕ ತಿರುಗವ್ವ
ಮಲಗ್ಯಾವ ಎರಡು ಮರಿಗುಬ್ಬಿ, ಅವನೆಬ್ಬಿಸದ
ಹಿಟ್ಟಾಗಿ ಇಳಿಯ ಬಿಳಿಜೋಳ

ಎರಡನೇ ಸಾಲು ಇದು. ಇದನ್ನೇ ನಾನು ಮರೆತಿದ್ದೆ. ಮರಿಗುಬ್ಬಿ ಎಂದರೆ ನಾವು ಅಂತ ಆಗ ತಿಳಿದಿರಲಿಲ್ಲ. ಎಪ್ಪತ್ತೆರಡಕ್ಕೆ ತಿಳಿಯಿತು. ನಿನ್ನ ದನಿ ಎಲ್ಲಿಗೂ ಹೋಗಿಲ್ಲ. "ಮೆಲ್ಲಕ" ಅನ್ನುವಾಗ ಸ್ವಲ್ಪ ಒಡೆಯುತ್ತದೆ, ಅವ್ವನದೂ ಅಲ್ಲೇ ಒಡೆಯುತ್ತಿತ್ತು.

ಹಾಡು ಮುಗಿದ ಮೇಲೆ ಮೊಬೈಲು ಬಂದ್ ಆಗಿರಲಿಲ್ಲ. ನಿನಗೆ ಗೊತ್ತಿಲ್ಲದಿದ್ದರೆ ಈಗ ಗೊತ್ತಾಗಲಿ. ಫರಹತ್, "ಮೌಶಿ, ಇವತ್ತ ಭಾಳ ಜೋರ ಹಾಡಿದ್ರಿ" ಅನ್ನುತ್ತಾಳೆ. ನೀನು ಅನ್ನುತ್ತೀ, "ನಮ್ಮ ಗುರೂಗ ಕಿವಿ ಕೇಳ್ಸೂದಿಲ್ಲವಾ. ಭಾಳ ದಿನ ಆತು. ಹೇಳಿದ್ರ ಕಚ್ಚಾಕ ಬರ್ತಾನ. ತಾನ ತಿಳಕೋಬೇಕು." ಅವಳು, "ತಿಳಕೊಳ್ಳಲಿಲ್ಲಂದ್ರ?" ಅನ್ನುತ್ತಾಳೆ. ನೀನು, "ಕೇಳ್ದಿದ್ರೇನಾತು, ಹಾಡೂದು ನಾ ಬಿಡ್ತೀನೇನು" ಅನ್ನುತ್ತೀ.

ಅಂದರೆ ನಿನಗೆ ಗೊತ್ತಿತ್ತು. ವಿಜಯಶ್ರೀಗೂ ಡಿಸೆಂಬರಿನಿಂದ ಗೊತ್ತು. ಉಳ್ಳಾಗಡ್ಡಿ ಅಲ್ಲ ಅದು. ಇಬ್ಬರೂ ಸೇರಿ ನನ್ನನ್ನು ಕಲ್ಲಿನ ನಡುವೆ ಹಾಕಿ ತಿರುವಿದಿರಿ.

ಬಿಡುವುದಿಲ್ಲ ಅಂದವಳು ಯಾಕೆ ಬಿಟ್ಟೆ? ನನ್ನ ಮಾತಿಗೋ, ನಾಟಕಕ್ಕೋ? ನೆಟ್ಟಗೆ ಬರೆ.

ಗುರುನಾಥ


ಮಾಣಿಕನಗರ
27 ಫೆಬ್ರವರಿ 2025

ಗುರೂ,

ಬಂದ್ ಆಗಿದೆ ಮೌಶಿ ಎಂದಿದ್ದಳು ಫರಹತ್. ಅವಳನ್ನೂ ಮೊಬೈಲನ್ನೂ ಇವತ್ತು ಒಟ್ಟಿಗೆ ಬೈದೆ.

ನೆಟ್ಟಗೇ ಬರೆಯುತ್ತೇನೆ. ಶುರುವಿಗೆ ಅದು ನಾಟಕ. ನಿನಗೆ ಕಿವಿ ಕೇಳುವುದಿಲ್ಲ ಎಂದರೆ ನೀನು ಗಿರಣಿಯನ್ನೇ ನನ್ನ ತಲೆಯ ಮೇಲೆ ಹಾಕುತ್ತಿದ್ದೆ. ನಿನ್ನ ಕಿವಿಯನ್ನೇ ನಂಬಿ ಹಾಡು ಬಿಟ್ಟೆ ಎಂದರೆ, ಆ ಕಿವಿ ಸರಿಯಿದೆಯೋ ಇಲ್ಲವೋ ಎಂದು ನೀನೇ ಒಂದು ದಿನ ನೋಡಿಕೊಳ್ಳುತ್ತೀ ಎಂದುಕೊಂಡೆ. ಖಾಲಿ ಚೀಲ ಕಳಿಸಿದ್ದೂ ಅದಕ್ಕೇ. ಕಳಿಸಿದ ದಿನ ನನಗೆ ಊಟ ಸೇರಲಿಲ್ಲ.

ಆದರೆ ತಾಳ ಹಿಡಿದು ಹಿಂದೆ ಕೂತು ಕೂತು ಅದು ನಿಜವಾಗಿಬಿಟ್ಟಿತು. ಕಿವಿ ಕೇಳದ್ದಕ್ಕೆ ನೀನು ಹಾಗೆ ಬರೆದೆ ಎಂದು ಗೊತ್ತಿದ್ದರೂ, ಬಾಯಿ ತೆರೆದರೆ ಆ ಗಡಿಗೆಯ ದುಂಬಿ ಬಂದು ಕೂಡುತ್ತದೆ. ಹೋದ ವಾರ ಹೆಂಗಸರು ಬಲವಂತ ಮಾಡಿದರು. ಮೊದಲ ಸಾಲು ಎತ್ತಿದೆ, "ಮೆಲ್ಲಕ" ಅನ್ನುವಲ್ಲಿ ನಿಂತುಬಿಟ್ಟೆ. ಬೇರೆ ಯಾರೋ ಬೇರೆ ಭಜನೆ ಹಿಡಿದರು. ಮುಚ್ಚಿಟ್ಟ ಬಾಯಿ ಬೇಗ ತುಕ್ಕು ಹಿಡಿಯುತ್ತದೆ ಗುರೂ, ನನಗೆ ಗೊತ್ತಿರಲಿಲ್ಲ.

ನಿನಗೆ ಕಿವಿ ಬಂತು. ಆ ಮೊಬೈಲಿನಲ್ಲಿರುವುದನ್ನೇ ಇಟ್ಟುಕೊಂಡು ಕೇಳು. ಅಷ್ಟು ಸಾಕು.

ರುಕ್ಮಿಣಿ


ಬಸವಕಲ್ಯಾಣ
3 ಮಾರ್ಚ್ 2025

ಅಕ್ಕಾ,

ಸಾಲದು.

ಖಾಲಿ ತಿರುಗಿ ಸವೆದ ಕಲ್ಲನ್ನು ನಿನ್ನೆ ಬಿಚ್ಚಿದೆ. ಬೇರೆಯವರನ್ನು ಕರೆಯಲಿಲ್ಲ, ನಾನೇ ಉಳಿ ಹೊಡೆದೆ. ಬೆನ್ನು ಹಿಡಿದುಕೊಂಡಿದೆ, ಆ ಮಾತು ಬೇರೆ. ಮಷಿನ್ ಕಿವಿಯಲ್ಲಿತ್ತು. ಉಳಿ ಬಿದ್ದ ಕಡೆ ಕಲ್ಲು ಠಣ್ ಅನ್ನುತ್ತದೆ, ಇನ್ನೂ ಹೊಡೆಯಬೇಕಾದ ಕಡೆ ಠಪ್ ಅನ್ನುತ್ತದೆ. ಇಷ್ಟು ದಿನ ಬರೀ ಕೈಯಿಂದ ತಿಳಿದುಕೊಂಡು ಹೊಡೆಯುತ್ತಿದ್ದೆ, ಕಿವಿ ಕೆಲಸ ಬಿಟ್ಟದ್ದು ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ದೊಡ್ಡ ಚೀಲದಲ್ಲಿ ಹಳೆಯ ಕಲ್ಲಿನ ಹಿಟ್ಟಿದೆ, ಬಸವಣಪ್ಪನ ಪರಿಚಯದವರ ಗಿರಣಿಯಲ್ಲಿ ಬೀಸಿಸಿದ್ದು. ಜೊತೆಗೆ ಒಂದು ಸಣ್ಣ ಗಂಟು ಕಟ್ಟಿದ್ದೇನೆ, ಒಂದು ರೊಟ್ಟಿಗಾಗುವಷ್ಟು. ಅದು ನಿನ್ನೆಯ ಕಲ್ಲಿನ ಮೊದಲ ಹಿಟ್ಟು. ಕರಕರ ಅನ್ನುತ್ತದೆ. ಇಷ್ಟು ವರ್ಷ ನಿನಗೆ ಯಾವತ್ತೂ ಅದನ್ನು ಕಳಿಸಿರಲಿಲ್ಲ, ಒಳ್ಳೆಯದನ್ನೇ ಕಳಿಸಿದೆ. ಅದು ತಪ್ಪು. ಮೊದಲ ಹಿಟ್ಟು ಗಿರಾಕಿಗಲ್ಲ, ಮನೆಯವರಿಗೆ. ತಿನ್ನು.

ನಾನೂ ತಿನ್ನುತ್ತೇನೆ. ಗುರುವಾರ ಮೊಬೈಲನ್ನು ನಿನ್ನ ಮುಂದೆ ಇಟ್ಟುಕೊಂಡು ಹಾಡು. ನಿಲ್ಲುತ್ತೀ, ನಿಲ್ಲು. ಒಡೆಯುತ್ತದೆ, ಒಡೆಯಲಿ. ಮುಚ್ಚಿಟ್ಟ ದನಿಯ ಮೊದಲ ಹಾಡಿನಲ್ಲಿ ಕಲ್ಲಿನ ಪುಡಿ ಇರುವುದೇ. ಅದನ್ನು ಓಣಿಯವರ ಸಲುವಾಗಿ ಹಾಡಬೇಡ, ನನಗೆ ಹಾಡು. ನಾನು ಪೂರ್ತಿ ಅಗಿಯುತ್ತೇನೆ, ಮುಖ ಸೊಟ್ಟ ಮಾಡುವುದಿಲ್ಲ. ಅಲ್ಲಿಂದ ಮೊಬೈಲಿನಲ್ಲಿ ನನ್ನ ಮುಖ ಕಾಣುತ್ತದಂತೆ, ವಿಜಯಶ್ರೀ ತೋರಿಸಿಕೊಟ್ಟಿದ್ದಾಳೆ. ನೋಡಿಕೊ ಬೇಕಾದರೆ.

ಗುರುವಾರ ಸಂಜೆ ಗಿರಣಿ ಬಂದ್. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಈಗಲೇ ಬರೆದಿದ್ದೇನೆ.

ಗುರುನಾಥ


ಮಾಣಿಕನಗರ
7 ಮಾರ್ಚ್ 2025

ತಮ್ಮಾ,

ನಿನಗೆ ಎಲ್ಲ ಗೊತ್ತಿದೆ, ನಿನ್ನೆ ನೀನೂ ಇದ್ದೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಆ ಸಣ್ಣ ಗಂಟಿನ ರೊಟ್ಟಿ ಬಡಿದೆ. ಅರ್ಧ ಫರಹತ್‌ಗೆ ಕೊಟ್ಟೆ. ಒಂದು ತುತ್ತು ಅಗಿದು, "ಮೌಶಿ, ಇದರಾಗ ಉಸುಕು ಅದ" ಎಂದಳು. "ಉಸುಕಲ್ಲ, ನನ್ನ ತಮ್ಮ" ಎಂದೆ. ಹಲ್ಲಿಗೆ ಕಲ್ಲು ತಾಗಿದ ಕೂಡಲೇ ರಾಜೇಶ್ವರದ ಅಡುಗೆಮನೆ, ಅವ್ವ ಆ ದಿನ ಗೋಡೆಯ ಕಡೆ ತಿರುಗಿ ಅಗಿಯುತ್ತಿದ್ದುದು ಎಲ್ಲ ಬಂತು. ಮುಖ ಸೊಟ್ಟ ಮಾಡಲಿಲ್ಲ ಎಂದು ನೀನು ಬರೆದಿದ್ದೆ. ಮಾಡಿದ್ದಳು ಗುರೂ. ಗೋಡೆಯ ಕಡೆಗೆ ಮಾಡಿದ್ದಳು. ನಾನು ಆ ಬದಿಗೆ ಕೂತಿದ್ದೆ.

ಸಂಜೆ ಹಾಡಿದೆ. "ಮೆಲ್ಲಕ" ಅನ್ನುವಲ್ಲಿ ಮತ್ತೆ ನಿಂತೆ. ಮೊಬೈಲಿನಲ್ಲಿ ನಿನ್ನ ಮುಖ ನೋಡಿದೆ. ನೀನು ಅದನ್ನು ಬಹಳ ಹತ್ತಿರ ಹಿಡಿದಿದ್ದೆ, ಮುಖ ಪೂರ್ತಿ ಕಾಣಲಿಲ್ಲ, ಬರೀ ಒಂದು ಕಿವಿ ಕಾಣುತ್ತಿತ್ತು, ಅದರೊಳಗೆ ಮಷಿನ್. ಹೆಂಗಸರೆಲ್ಲ ಬಗ್ಗಿ ನಿನ್ನ ಕಿವಿ ನೋಡಿದರು. ನನಗೆ ನಗು ಬಂತು. ನಗುತ್ತಲೇ ಮುಂದಿನ ಸಾಲು ತಾನಾಗಿ ಬಂದುಬಿಟ್ಟಿತು. ಆಮೇಲೆ ನಿಲ್ಲಲಿಲ್ಲ.

ಮುಗಿದ ಮೇಲೆ ನಿನ್ನ ಕಡೆಯಿಂದ ಏನೂ ಬರಲಿಲ್ಲ. ಫೋನು ಕಟ್ ಆಯಿತೇನೋ ಎಂದೆ. ಫರಹತ್ ಎತ್ತಿ ಕಿವಿಗಿಟ್ಟುಕೊಂಡು, "ಇಲ್ರಿ ಮೌಶಿ, ಗುಬ್ಬಿ ಚೀಂವ್ ಚೀಂವ್ ಅನ್ನಾಕತ್ತಾವ. ಕಾಕಾರು ಮೂಗು ಸೀನಾಕತ್ತಾರ" ಎಂದಳು. ನಾನು ಅವಳ ಕೈಯಿಂದ ಮೊಬೈಲು ಕಸಿದುಕೊಂಡೆ. ಅವಳ ಪಾಠ ಮರೆತು.

ಆಮೇಲೆ ನೀನು "ಚಲೋ ಇತ್ತು ಅಕ್ಕಾ" ಅಂದೆ. ಅಷ್ಟು ಮೆತ್ತಗೆ ನೀನು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ದಿನಾ ಫೋನು ಮಾಡು, ಆದರೆ ಚೀಲದಲ್ಲಿ ಕಾಗದ ಇಡುವುದನ್ನು ಬಿಡಬೇಡ. ಫೋನಿನಲ್ಲಿ ನೀನು ಬಹಳ ಒಳ್ಳೆಯವನಾಗಿಬಿಟ್ಟಿದ್ದೀ. ಬೈಯುವ ತಮ್ಮನೂ ನನಗೆ ಬೇಕು.

ಚೀಲ ಝಾಡಿಸಿ, ತೊಳೆದು, ಬಿಸಿಲಿಗೆ ಒಣಗಿಸಿ ಕಳಿಸಿದ್ದೇನೆ.

ರುಕ್ಮಿಣಿ